ಚಾಕಿ ಮನೆಯವಳ ಮಾತ್ರೆ

ಆಗ ನನಗೆ ಐವತ್ತೆಂಟು. ಈಗ್ಗೆ ಹದಿಮೂರು ವರ್ಷದ ಹಿಂದಿನ ಮಾತು. ಹುಟ್ಟಿದ ದಿನ ಬರೆದಿಟ್ಟವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ವೋಟಿನ ಕಾರ್ಡಿನಲ್ಲಿ ಏನಿದೆಯೋ ಅದೇ ನನ್ನ ವಯಸ್ಸು. ಚಾಕಿ ಮನೆಯವಳು ನನಗಿಂತ ಆರೇಳು ವರ್ಷ ಚಿಕ್ಕವಳು. ಬೈರಾಪಟ್ಟಣದಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅಪ್ಪ ಅಮ್ಮ ಇಟ್ಟ ಹೆಸರು ಅವಳಿಗೂ ಒಂದಿತ್ತು, ಆದರೆ ಊರಲ್ಲಿ ಅದನ್ನು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವಳು ಚಾಕಿ ಮನೆಯವಳು. ನಾನು ಅವಳನ್ನು ಅಮ್ಮಿ ಅನ್ನುತ್ತಿದ್ದೆ, ಅವಳು ನನ್ನನ್ನು ಅಕ್ಕ ಅನ್ನುತ್ತಿದ್ದಳು. ನಮ್ಮಿಬ್ಬರಿಗೆ ನಂಟೇನೂ ಇಲ್ಲ. ಮೊದಮೊದಲು ಸ್ನೇಹವೂ ಇರಲಿಲ್ಲ.

ರೇಷ್ಮೆ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಮೊಟ್ಟೆಯೊಡೆದು ಬಂದ ಹುಳು ಇರುವೆಗಿಂತ ಸಣ್ಣದು, ಕತ್ತರಿಸಿ ಬಿಸಾಡಿದ ಕಪ್ಪು ದಾರದ ತುಣುಕಿನಂತೆ ಇರುತ್ತದೆ. ಅದು ಎರಡು ಸಲ ಪೊರೆ ಕಳಚುವವರೆಗೆ, ಅಂದರೆ ಎಂಟು ಹತ್ತು ದಿನ, ಅದನ್ನು ಸಾಕುವುದು ಎಲ್ಲರ ಕೈಲೂ ಆಗುವುದಿಲ್ಲ. ಆ ಎಳೆಯ ಹುಳುವೇ ಚಾಕಿ. ಊರಿನ ಹದಿನಾರು ಮನೆಯವರು ಅವಳ ಹತ್ತಿರ ಚಾಕಿ ಸಾಕಿಸಿಕೊಂಡು, ಆಮೇಲೆ ತಮ್ಮ ತಮ್ಮ ಮನೆಗೆ ಒಯ್ದು, ಹಿಪ್ಪುನೇರಳೆ ಸೊಪ್ಪು ಹಾಕಿ ಗೂಡು ಕಟ್ಟಿಸುತ್ತಿದ್ದರು. ಅವಳ ಕೈಲಿ ಒಂದು ಸಲ ಕೆಟ್ಟರೆ ಹದಿನಾರು ಮನೆಯ ಬೆಳೆ ಕೆಟ್ಟಂತೆ.

ಅದಕ್ಕೇ ಅವಳ ಹುಳುಮನೆಯ ಬಾಗಿಲಲ್ಲಿ ಒಂದು ಕಾವಲು ಇತ್ತು. ಅದು ಅವಳ ಮೂಗು. ಸುಣ್ಣದ ನೀರಿನಲ್ಲಿ ಕಾಲು ಅದ್ದಿ, ಸೋಪಿನಲ್ಲಿ ಮೊಣಕೈವರೆಗೆ ತೊಳೆದು ನಿಂತವರನ್ನೂ ಅವಳು ಹತ್ತಿರ ಬಂದು ಮೂಸುತ್ತಿದ್ದಳು. ರೇಷ್ಮೆ ಇಲಾಖೆಯಿಂದ ಬಂದ ಸಾಹೇಬರೊಬ್ಬರನ್ನು ತಲೆಗೆ ಹಚ್ಚಿದ ಎಣ್ಣೆ ಘಮ್ಮೆನ್ನುತ್ತದೆ ಎಂದು ಅಂಗಳದಿಂದಲೇ ವಾಪಸು ಕಳಿಸಿದಳು. ತನ್ನ ಭಾವನನ್ನು ಬೀಡಿ ಸೇದಿದ ಬಟ್ಟೆ ಎಂದು ಒಳಗೆ ಬಿಡಲಿಲ್ಲ. ಹುಳುವಿಗೆ ಹೊಗೆಸೊಪ್ಪು ಅಂದರೆ ವಿಷ. ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಮಾವ ಹೊಗೆಸೊಪ್ಪು ತಿಕ್ಕಿದ ಕೈಯಲ್ಲೇ ಸೊಪ್ಪು ಕೊಯ್ದು ಹಾಕಿ, ಮಧ್ಯಾಹ್ನದ ಹೊತ್ತಿಗೆ ಎರಡು ಅಟ್ಟಣೆಯ ಹುಳುಗಳು ಹಸಿರು ನೀರು ಕಕ್ಕಿ ತಲೆ ಮೇಲೆತ್ತಿ ಸತ್ತದ್ದನ್ನು ಅವಳು ನೋಡಿದ್ದಳು. ಅದನ್ನು ನೂರು ಸಲ ಹೇಳುತ್ತಿದ್ದಳು. ಮುಟ್ಟಿದ ಕೈ ಯಾರದ್ದು ಎಂದು ಹುಳುವಿಗೆ ಗೊತ್ತಾಗುತ್ತದೆ ಎನ್ನುವುದು ಅವಳ ನಂಬಿಕೆ.

ನಮಗೆ ಜಗಳ ಬಂದದ್ದೂ ವಾಸನೆಗೇ. ನಾನು ಒಂದು ದಿನ ಒಣಮೀನು ಹುರಿದೆ. ಹೊಗೆ ಗೋಡೆ ದಾಟಿ ಅವಳ ಕಿಟಕಿಗೆ ಹೋಯಿತಂತೆ. ಬಂದು ನನ್ನ ಒಲೆಗೆ ಒಂದು ಚೊಂಬು ನೀರು ಹುಯ್ದು ಹೋದಳು. ಮಾತಾಡಿದ್ದರೆ ಬೈದಿರುತ್ತಿದ್ದೆ, ಮಾತೇ ಆಡದೆ ಹೋದದ್ದಕ್ಕೆ ಒಂದು ವರ್ಷ ಮಾತು ಬಿಟ್ಟೆ. ಆಮೇಲೆ ನಮ್ಮ ಮನೆಯ ಹುಳು ಕೆಟ್ಟಾಗ ಅವಳೇ ಬಂದು, ಸೊಪ್ಪು ಒದ್ದೆಯಿತ್ತು, ಅದಕ್ಕೇ ಸಪ್ಪೆ ರೋಗ ಬಂತು ಎಂದು ತೋರಿಸಿಕೊಟ್ಟಳು. ಸಂತಾಪ ಹೇಳಲಿಲ್ಲ. ಅದು ನನಗೆ ಹಿಡಿಸಿತು.

ಅವಳ ಗಂಡ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು ತಿಪ್ಪಸಂದ್ರಕ್ಕೆ ಮದುವೆಯಾಗಿ ಹೋಗಿದ್ದಳು, ಮೇಲಿಂದ ಮೇಲೆ ಹೆರಿಗೆ. ಹಾಗಾಗಿ ಕಾಯಿಲೆ ಬಂದಾಗ ಅವಳ ಜೊತೆ ಓಡಾಡಲು ಸಿಕ್ಕಿದ್ದು ನಾನು. ನನ್ನ ಮನೆಯನ್ನು ಸೊಸೆ ನೋಡಿಕೊಳ್ಳುತ್ತಿದ್ದಳು. ನಾನು ಇಲ್ಲದಿದ್ದರೆ ಅವಳಿಗೆ ಸುಖವೇ.

ಕಾಯಿಲೆ ಎಡ ಪಕ್ಕೆಯಲ್ಲಿ ಶುರುವಾಯಿತು. ಹುಳುವಿನ ತಟ್ಟೆಯ ಮೇಲೆ ಬಗ್ಗಲು ಆಗುತ್ತಿಲ್ಲ, ಹೊಟ್ಟೆಯೊಳಗೆ ಒರಳುಕಲ್ಲು ಇಟ್ಟಂತಿದೆ ಎಂದಳು. ಮುಟ್ಟಿ ನೋಡಿದೆ, ನಿಜವಾಗಿ ಗಟ್ಟಿಯಿತ್ತು. ಎರಡು ತುತ್ತಿಗೇ ಹೊಟ್ಟೆ ತುಂಬುತ್ತಿತ್ತು, ಮೈ ಇಳಿದಿತ್ತು. ಚನ್ನಪಟ್ಟಣದಲ್ಲಿ ರಕ್ತ ತೆಗೆದು ನೋಡಿದವರು ಆ ದಿನವೇ ಬೆಂಗಳೂರಿಗೆ ಹೋಗಿ ಎಂದು ಚೀಟಿ ಬರೆದರು. ಬಿಳಿ ಕಣ ಹತ್ತು ಸಾವಿರ ಇರಬೇಕಾದಲ್ಲಿ ಎರಡು ಲಕ್ಷ ದಾಟಿತ್ತು.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ. ಸಣ್ಣ ವಯಸ್ಸು, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದರು, ಅದು ಅವರ ತಪ್ಪು. ಇವಳು ಕೇಳುವುದನ್ನು ನಿಲ್ಲಿಸಲೇ ಇಲ್ಲ. ರಕ್ತಕ್ಕೂ ಕ್ಯಾನ್ಸರ್ ಬರುತ್ತದೆಯೇ, ರಕ್ತ ನೀರಲ್ಲವೇ, ನೀರಿನಲ್ಲಿ ಗಡ್ಡೆ ಹೇಗೆ ಕಟ್ಟುತ್ತದೆ ಎಂದಳು. ಡಾಕ್ಟರಮ್ಮ ಹೇಳಿದ್ದು ನನಗೆ ಅರ್ಥವಾದಷ್ಟು ಹೀಗೆ: ರಕ್ತ ಹುಟ್ಟುವುದು ಮೂಳೆಯ ಒಳಗೆ. ಅಲ್ಲಿ ಬಿಳಿ ಕಣಕ್ಕೆ ಬೆಳಿ ಎಂದು ಹೇಳುವ ಒಂದು ಗುಂಡಿ ಇದೆ. ಇವಳಿಗೆ ಅದು ಒತ್ತಿದ್ದು ಒತ್ತಿದಂತೆಯೇ ಸಿಕ್ಕಿಹಾಕಿಕೊಂಡಿದೆ. ಸಾಕು ಅನ್ನುವವರೇ ಇಲ್ಲದೆ ಕಣ ಬೆಳೆಯುತ್ತಲೇ ಇದೆ.

ಇವಳು, ಹುಳು ಹಣ್ಣಾಗುವುದನ್ನೇ ಮರೆತು ಸೊಪ್ಪು ತಿನ್ನುತ್ತಲೇ ಇದ್ದಂತೆಯೇ ಎಂದು ಕೇಳಿದಳು. ಗೂಡು ಕಟ್ಟಲು ತಯಾರಾದ ಹುಳುವನ್ನು ನಮ್ಮ ಕಡೆ ಹಣ್ಣಾಯಿತು ಅನ್ನುತ್ತೇವೆ. ಡಾಕ್ಟರಮ್ಮನಿಗೆ ಅದನ್ನು ನಾನು ಬಿಡಿಸಿ ಹೇಳಬೇಕಾಯಿತು. ಅವರು ನಕ್ಕು, ಪೂರ್ತಿ ಹಾಗಲ್ಲ, ಆದರೆ ನೀವು ಬುದ್ಧಿವಂತರು ಎಂದರು. ಆ ಮಾತು ಇವಳಿಗೆ ಎಷ್ಟು ನಾಟಿತು ಎಂದು ನನಗೆ ಆಗ ಗೊತ್ತಾಗಲಿಲ್ಲ.

ಮೊಟ್ಟೆ ತಯಾರಿಸುವ ಕೇಂದ್ರದಲ್ಲಿ ತಾಯಿ ಚಿಟ್ಟೆಯನ್ನು ಅರೆದು, ರೋಗವಿದೆಯೇ ಎಂದು ದೊಡ್ಡದಾಗಿ ತೋರಿಸುವ ಮಿಷನ್ನಿನ ಕೆಳಗೆ ಇಟ್ಟು ನೋಡುತ್ತಾರೆ. ಇವಳು ಅದನ್ನು ಕಂಡವಳು. ಹಾಗೆಯೇ ನನ್ನ ರಕ್ತವನ್ನೂ ತೋರಿಸಿ ಎಂದು ಹಟ ಹಿಡಿದಳು. ಡಾಕ್ಟರಮ್ಮ ಕರೆದುಕೊಂಡು ಹೋಗಿ ತೋರಿಸಿಯೇ ಬಿಟ್ಟರು. ಇವಳು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನೂ ಬಗ್ಗಿಸಿದಳು. ನೇರಳೆ ಬಣ್ಣದ ಚುಕ್ಕೆ, ಒಂದರ ಮೇಲೊಂದು, ಚಿಟ್ಟೆ ಮೊಟ್ಟೆಯಿಟ್ಟ ಹಾಳೆಯ ಹಾಗೆ ಒತ್ತಾಗಿ. ನೋಡಲು ಚೆನ್ನಾಗಿಯೇ ಇತ್ತು. ಅದನ್ನು ಅಲ್ಲೇ ಹೇಳಿದೆ. ಯಾರೂ ನಗಲಿಲ್ಲ.

ಪಕ್ಕದ ಹಜಾರದಲ್ಲಿ ಸಾಲಾಗಿ ಕುರ್ಚಿ ಹಾಕಿ ಕೈಗೆ ಸೀಸೆ ಮದ್ದು ಏರಿಸುತ್ತಿದ್ದರು. ಕನಕಪುರದ ಕಡೆಯ ಒಬ್ಬ ಹೆಂಗಸಿಗೆ ಕೆಂಪು ಮದ್ದು ಹೋಗುತ್ತಿತ್ತು, ಬೊಂಬೆಗೆ ಬಳಿಯುವ ಅರಗಿನ ಕೆಂಪು. ಅವಳದ್ದೂ ರಕ್ತದ್ದೇ, ಆದರೆ ಬೇರೆ ಜಾತಿಯ ಕಾಯಿಲೆ, ಓಡುವ ಕಾಯಿಲೆ. ತಲೆಯಲ್ಲಿ ಒಂದು ಎಳೆ ಕೂದಲಿಲ್ಲ. ಇವಳು ನೇರ ಹೋಗಿ ಕೂದಲು ಯಾಕೆ ಹೋಯಿತು ಎಂದು ಕೇಳಿದಳು. ಆ ಹೆಂಗಸು ಬೇಜಾರು ಮಾಡಿಕೊಳ್ಳದೆ ನರ್ಸಮ್ಮನ ಕಡೆ ತೋರಿಸಿದಳು. ನರ್ಸಮ್ಮ ಹೇಳಿದರು: ಈ ಮದ್ದಿಗೆ ಕಾಯಿಲೆ ಯಾವುದು, ಮೈ ಯಾವುದು ತಿಳಿಯುವುದಿಲ್ಲ, ಬೇಗ ಬೇಗ ಬೆಳೆಯುವುದು ಏನಿದೆಯೋ ಅದನ್ನೆಲ್ಲ ಹೊಡೆಯುತ್ತದೆ. ಕೂದಲು ಬೇಗ ಬೆಳೆಯುತ್ತದೆ, ಬಾಯಿಯ ಚರ್ಮ ಬೇಗ ಬೆಳೆಯುತ್ತದೆ, ಅದಕ್ಕೇ ಅವೂ ಹೋಗುತ್ತವೆ.

ಇವಳಿಗೆ ಸೀಸೆ ಮದ್ದು ಬೇಕಾಗಲಿಲ್ಲ. ನಿಮ್ಮದು ನಿಧಾನದ ಕಾಯಿಲೆ, ಮಾತ್ರೆಗೇ ಬಗ್ಗುತ್ತದೆ, ಆದರೆ ದಿನವೂ ತಪ್ಪದೆ ನುಂಗಬೇಕು, ಇದ್ದಷ್ಟು ದಿನವೂ ಎಂದರು ಡಾಕ್ಟರಮ್ಮ. ಮೊದಲು ಕೆಲವು ದಿನ ಒಂದು ಕ್ಯಾಪ್ಸೂಲು, ಕಣದ ಸಂಖ್ಯೆ ಇಳಿಸಲು. ಆಮೇಲೆ ಆ ಗುಂಡಿಯನ್ನು ಮುಚ್ಚುವ ಮಾತ್ರೆ, ಊಟವಾದ ಮೇಲೆ, ದೊಡ್ಡ ಲೋಟದ ತುಂಬ ನೀರಿನೊಂದಿಗೆ. ಮದ್ದು ಕೊಡುವ ಕಿಟಕಿಯಲ್ಲಿ ಇನ್ನೊಂದು ಮಾತನ್ನೂ ಹೇಳಿದರು. ಕ್ಯಾಪ್ಸೂಲು ಬಿಚ್ಚಬೇಡಿ, ಮನೆಯವರು ಬರಿಗೈಲಿ ಮುಟ್ಟಬೇಡಿ, ಬಸುರಿಯರು ಹತ್ತಿರ ಬರುವುದು ಬೇಡ, ನುಂಗಿದ ಮೇಲೆ ಕೈ ತೊಳೆಯಿರಿ. ಸರಿಯಾದ ಮಾತೇ. ನಾನು ಕೇಳಿ ಮರೆತೆ. ಅವಳು ಕೇಳಿ ಇಟ್ಟುಕೊಂಡಳು.

ಮೊದಲ ಮೂರು ತಿಂಗಳು ಅವಳು ಚಾಕಿ ಸಾಕಲಿಲ್ಲ, ಶಕ್ತಿಯಿರಲಿಲ್ಲ. ಊರಿಗೆ ಗುಲ್ಮದ ಕಾಯಿಲೆ, ಹೊಟ್ಟೆಯ ಗಡ್ಡೆ, ಎಂದು ಹೇಳಿದ್ದಾಯಿತು. ರಕ್ತ ಇಳಿಯಿತು, ಹೊಟ್ಟೆಯ ಕಲ್ಲು ಕರಗಿತು. ಮಾತ್ರೆ ಬೇರೆ ಆಟವನ್ನೂ ಆಡಿತು. ಬೆಳಿಗ್ಗೆ ಎದ್ದರೆ ಕಣ್ಣಿನ ಸುತ್ತ ಊದಿ ಎರಡು ಸಣ್ಣ ಪೂರಿಯಂತೆ ಕಾಣುತ್ತಿತ್ತು. ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಮೈ ಬಣ್ಣ ತಿಳಿಯಾಯಿತು. ನಮ್ಮ ಬೀದಿಯ ಹೆಂಗಸರು ಯಾವ ಕ್ರೀಮು ಹಚ್ಚುತ್ತೀಯೆ ಎಂದು ಕೇಳಿದರು. ಕಬ್ಬಾಳಮ್ಮನ ಕುಂಕುಮ ಎಂದು ಹೇಳಿ ಕಳಿಸಿದಳು. ಮುಂದಿನ ಮಂಗಳವಾರ ಮೂವರು ಕಬ್ಬಾಳಿಗೆ ಹೋದರು.

ನಾಲ್ಕನೆಯ ತಿಂಗಳು ಅವಳು ಮತ್ತೆ ಹುಳುಮನೆಗೆ ಸುಣ್ಣ ಬಳಿಸಿ ಮೊಟ್ಟೆ ತಂದಳು. ಅಲ್ಲಿಂದ ರಕ್ತ ಏರತೊಡಗಿತು. ಒಂದು ತಿಂಗಳು ಸ್ವಲ್ಪ, ಮುಂದಿನ ತಿಂಗಳು ಇನ್ನಷ್ಟು. ಮೂರನೆಯ ಸಲ ಡಾಕ್ಟರಮ್ಮನ ಮುಖದಲ್ಲಿ ನಗು ಇರಲಿಲ್ಲ. ಮಾತ್ರೆ ನುಂಗುತ್ತಿದ್ದೀರಾ ಎಂದು ಅವಳನ್ನು ಕೇಳಿದರು. ದಿನವೂ ಎಂದಳು. ನನ್ನ ಕಡೆ ತಿರುಗಿ, ನೀವು ನೋಡಿದ್ದೀರಾ ಎಂದರು. ನೋಡಿದ್ದೇನೆ ಎಂದೆ. ನೋಡಿರಲಿಲ್ಲ. ಜೊತೆಗೆ ಬಂದವಳು ಇನ್ನೇನು ಹೇಳುತ್ತಾಳೆ?

ಹಾಗಾದರೆ ಈ ಮಾತ್ರೆ ಸೋತಿರಬೇಕು ಎಂದರು ಅವರು. ಆ ದಿನ ಎಳೆದ ರಕ್ತವನ್ನು ದೊಡ್ಡ ಪರೀಕ್ಷೆಗೆ ಕಳಿಸುತ್ತೇನೆ, ಒಂದೂವರೆ ತಿಂಗಳು ಬಿಟ್ಟು ಬನ್ನಿ, ಅದನ್ನು ನೋಡಿ ಮದ್ದು ಬದಲಿಸುತ್ತೇನೆ ಎಂದರು. ಮುಂದಿನದು ಇನ್ನೂ ಗಟ್ಟಿ ಮದ್ದು, ಕೆಲವರಿಗೆ ಎದೆಯಲ್ಲಿ ನೀರು ತುಂಬುತ್ತದೆ. ಅದೂ ಸೋತರೆ ಕೊಡಲು ಹೆಚ್ಚೇನೂ ಉಳಿಯುವುದಿಲ್ಲ. ನಿಧಾನದ ಕಾಯಿಲೆ ಕೆರಳಿದರೆ ಓಡುವ ಕಾಯಿಲೆಯಾಗುತ್ತದೆ, ಆಗ ಆ ಕುರ್ಚಿಯಲ್ಲಿ ಕೂರಿಸಿದರೂ ಹಿಡಿಯುವುದು ಕಷ್ಟ. ಇಷ್ಟನ್ನೂ ಬಿಡಿಸಿ ಹೇಳಿದರು. ಬರುವಾಗ ಬಸ್ಸು ಬಿಡದಿ ದಾಟಿತು. ನಾಳಿದ್ದು ಮೊಟ್ಟೆ ಒಡೆಯುತ್ತದೆ ಎಂದಳು ಅವಳು. ಅಷ್ಟೇ.

ನನಗೆ ಓದು ಬರುವುದು ಅಷ್ಟಕ್ಕಷ್ಟೆ, ನೋಡುವುದು ಚೆನ್ನಾಗಿ ಬರುತ್ತದೆ. ಮೊಟ್ಟೆ ಒಡೆದು ಐದಾರು ದಿನವಾಗಿತ್ತು. ಬೆಳಿಗ್ಗೆ ಗೋಡೆಯ ಆಚೆ ಅವಳು ಮುಖ ತೊಳೆಯುತ್ತಿದ್ದಳು. ಕಣ್ಣು ಊದಿರಲಿಲ್ಲ. ಹಳೆಯ ಕಾಲದ ಮುಖ. ನಾನು ಅಲ್ಲೇ ನಿಂತು ಹಿಂದಿನದೆಲ್ಲ ನೆನಪು ಮಾಡಿಕೊಂಡೆ. ಚಾಕಿ ಹಂಚಿ, ಮನೆ ಖಾಲಿಯಾಗಿ ಮೂರು ನಾಲ್ಕು ದಿನವಾದರೆ ಕಣ್ಣು ಊದುತ್ತಿತ್ತು. ಹುಳು ಬಂದರೆ ಇಳಿಯುತ್ತಿತ್ತು. ತಿಂಗಳಿಗೆ ಎರಡು ಸಲ ಚಾಕಿ. ಲೆಕ್ಕ ತಾನಾಗಿ ಕೂತಿತು: ಹುಳು ಇದ್ದಷ್ಟು ದಿನ ಅವಳು ಮಾತ್ರೆ ನುಂಗುತ್ತಿರಲಿಲ್ಲ.

ಹೋಗಿ ಕೇಳಿದೆ. ಬೈಯಲಿಲ್ಲ, ಮಾತ್ರೆ ಎಲ್ಲಿಟ್ಟಿದ್ದೀಯೆ ತೋರಿಸು ಎಂದೆ. ಅವಳು ಸುಣ್ಣದ ಡಬ್ಬಿಯ ಹಿಂದಿನಿಂದ ಒಂದು ಚೀಲ ತೆಗೆದಳು. ತಿಂಗಳಾನುಗಟ್ಟಲೆ ಉಳಿದ ಮಾತ್ರೆ, ಒಂದರ ಮೇಲೊಂದು ಅಟ್ಟಿ ಕಟ್ಟಿಟ್ಟಿದ್ದಳು.

"ಯಾಕಮ್ಮಿ?"

"ಬರಿಗೈಲಿ ಮುಟ್ಟಬ್ಯಾಡ ಅಂದವ್ರೆ. ಬೇಗ ಬೆಳೆಯೋದನ್ನೆಲ್ಲ ಹೊಡೀತದೆ ಅಂದವ್ರೆ. ಹುಳಕ್ಕಿಂತ ಬೇಗ ಬೆಳೆಯೋದು ಈ ಭೂಮಿ ಮ್ಯಾಲೆ ಏನೈತೆ ಹೇಳಕ್ಕ? ಅದು ನನ್ನ ಬೆವರಲ್ಲಿ ಬಂದ್ರೆ? ಹದ್ನಾರು ಮನೆ ಹುಳ ಈ ಕೈಲವೆ."

ಯೋಚನೆ ಮಾಡಿದರೆ ಅವಳು ಹೇಳಿದ್ದರಲ್ಲಿ ತಪ್ಪು ಎಲ್ಲಿದೆ ಎಂದು ಸಿಗುತ್ತಲೇ ಇರಲಿಲ್ಲ. ನರ್ಸಮ್ಮನ ಮಾತು ಸೀಸೆ ಮದ್ದಿನದ್ದು, ಮದ್ದಿನ ಕಿಟಕಿಯ ಮಾತು ಕ್ಯಾಪ್ಸೂಲಿನದ್ದು, ಇವಳು ನುಂಗುವುದು ಮೂರನೆಯದು. ಮೂರನ್ನೂ ಒಂದೇ ಗಂಟು ಕಟ್ಟಿದ್ದಳು. ಅದನ್ನು ಬಿಚ್ಚಿ ಹೇಳುವ ಓದು ನನಗಿರಲಿಲ್ಲ. ಡಾಕ್ಟರಮ್ಮನನ್ನು ಕೇಳೋಣ ಎಂದರೆ, ಅವರಿಗೆ ಹುಳುವಿನ ಬಗ್ಗೆ ಏನು ಗೊತ್ತು ಎಂದಳು. ಅದೂ ಸರಿಯೇ. ನೀನು ಸತ್ತರೆ ಹದಿನಾರು ಮನೆಗೂ ಚಾಕಿ ಯಾರು ಸಾಕುತ್ತಾರೆ ಎಂದೆ. ಸಾಯುವವಳು ಒಬ್ಬಳೇ ಸಾಯಬೇಕು, ಊರಿನ ಹುಳು ಕೊಂದು ಸಾಯಬಾರದು ಎಂದಳು. ಅವಳ ಜೊತೆ ವಾದ ಮಾಡಿ ಗೆದ್ದವರಿಲ್ಲ.

"ಹಂಗಾರೆ ಸಾಕಿ ನೋಡ್ಬುಡಾನ," ಎಂದೆ.

ಇದು ಅವಳಿಗೆ ಹಿಡಿಸಿತು. ಕಣ್ಣು ಬೆಳಗಿತು. ಕೈಲಿದ್ದ ಚಾಕಿಯನ್ನು ಮೂರು ದಿನದಲ್ಲಿ ಹಂಚಿ, ಮುಂದಿನ ಸಲ ಸಾಕುವುದಿಲ್ಲ, ಬೇರೆ ಕಡೆ ತಂದುಕೊಳ್ಳಿ ಎಂದು ಹದಿನಾರು ಮನೆಗೂ ಹೇಳಿಬಂದಳು. ಅದಾದ ಮೇಲೆ ಆಗತಾನೆ ಒಡೆಯುವ ಮೊಟ್ಟೆ ಒಂದಿಷ್ಟು ತಂದು ಎರಡು ಪಾಲು ಮಾಡಿದಳು. ತನ್ನ ಮನೆಯಲ್ಲಿ ಬೇಡ ಎಂದು ನಮ್ಮ ಮನೆಯ ನಡುಮನೆಯಲ್ಲಿ, ಈ ಮೂಲೆಗೆ ಒಂದು ತಟ್ಟೆ, ಆ ಮೂಲೆಗೆ ಒಂದು ತಟ್ಟೆ. ಒಂದನ್ನು ಮುಟ್ಟುವುದು ಅವಳು, ದಿನವೂ ಮಾತ್ರೆ ನುಂಗಿ. ಇನ್ನೊಂದನ್ನು ಮುಟ್ಟುವುದು ನಾನು. ಒಂದೇ ತೋಟದ ಸೊಪ್ಪು, ಒಂದೇ ಹೊತ್ತು. ಹುಳುಗಳನ್ನು ಎಣಿಸಿಯೇ ಬಿಟ್ಟಳು, ಎರಡಕ್ಕೂ ಸಮಸಮ. ಅವಳ ತಟ್ಟೆ ಕೆಟ್ಟರೆ ಮಾತ್ರೆ ಬಿಡುತ್ತಾಳೆ, ಪೂರ್ತಿ. ಕೆಡದಿದ್ದರೆ ನುಂಗುತ್ತಾಳೆ, ಪೂರ್ತಿ. ಇದು ಒಪ್ಪಂದ. ಚಾಕಿ ಎತ್ತುವ ಮಟ್ಟಿಗೆ ನೋಡಿದರೆ ಸಾಲದೇ ಎಂದರೆ ಒಪ್ಪಲಿಲ್ಲ. ಗೂಡು ಕಟ್ಟಬೇಕು ಎಂದಳು.

ನನ್ನ ಸೊಸೆ ನಮ್ಮಿಬ್ಬರಿಗೂ ತಲೆ ಕೆಟ್ಟಿದೆ ಎಂದು ತವರಿಗೆ ಫೋನು ಮಾಡಿ ಹೇಳಿದಳಂತೆ.

ಮೊದಲ ದಿನ ಒಂದು ಸಂಗತಿ ನಡೆಯಿತು. ಮಧ್ಯಾಹ್ನ ಮುದ್ದೆ ಉಂಡು, ಮಾತ್ರೆಯನ್ನು ಬರಿಗೈಲಿ ಹಿಡಿದು, ಅಂಗೈಯಲ್ಲಿ ಉರುಳಿಸಿ ನುಂಗಿದಳು. ಎದ್ದು ಕೈ ತೊಳೆಯಲು ಹೊರಟವಳು ಬಚ್ಚಲ ಬಾಗಿಲಲ್ಲೇ ನಿಂತಳು. ತೊಳೆದರೆ ಪರೀಕ್ಷೆ ಎಲ್ಲಿಯದು ಎಂದು ನನಗಲ್ಲ, ತನಗೇ ಹೇಳಿಕೊಂಡಳು. ಕುತ್ತಿಗೆಯ ಬೆವರನ್ನು ಬೆರಳಿಂದ ಒರೆಸಿಕೊಂಡು ತಟ್ಟೆಯ ಹತ್ತಿರ ಹೋದಳು. ಮೂವತ್ತು ವರ್ಷದಲ್ಲಿ ತೊಳೆಯದ ಕೈಯಲ್ಲಿ ಹುಳು ಮುಟ್ಟಿದವಳಲ್ಲ. ಕಣ್ಣು ಮುಚ್ಚಿಕೊಂಡು ಸೊಪ್ಪು ಹಾಕಿದಳು. ದೇವಸ್ಥಾನದಲ್ಲೂ ಅವಳು ಹಾಗೆ ಕಣ್ಣು ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ.

ದಿನಕ್ಕೆ ನಾಲ್ಕು ಸಲ ಬರುತ್ತಿದ್ದಳು. ತನ್ನ ತಟ್ಟೆಯನ್ನು ಮೂಸಿ ನೋಡುವುದು, ನನ್ನ ತಟ್ಟೆಯನ್ನು ದೂರದಿಂದ ನೋಡಿ ನನ್ನನ್ನು ಬೈಯುವುದು. ಸೊಪ್ಪು ದಪ್ಪಗೆ ಹೆಚ್ಚಿದ್ದೀಯೆ, ಹುಳುವಿನ ಹಾಸಿಗೆ ಒದ್ದೆಯಾಗಿದೆ, ಇಷ್ಟು ವರ್ಷ ಹೇಗೆ ಬೆಳೆ ತೆಗೆದೆ? ನನಗೂ ಕುತೂಹಲ ಹತ್ತಿತ್ತು. ಬೆಳಿಗ್ಗೆ ಎದ್ದು ಒಲೆ ಹಚ್ಚುವ ಮೊದಲು ಅವಳ ತಟ್ಟೆ ನೋಡುತ್ತಿದ್ದೆ, ನನ್ನದನ್ನು ಆಮೇಲೆ. ಎರಡು ಪೊರೆ ಕಳಚಿತು, ಮೂರನೆಯದೂ ಕಳಚಿತು. ಎರಡೂ ಒಂದೇ ಸಮ. ಅವಳ ಕಣ್ಣು ದಿನವೂ ಊದಿರುತ್ತಿತ್ತು.

ನಾಲ್ಕನೆಯ ಪೊರೆ ಕಳಚಿ ಹುಳು ಬೆರಳುದ್ದವಾದ ಮೇಲೆ, ಒಂದು ಬೆಳಿಗ್ಗೆ ಅವಳ ತಟ್ಟೆಯಲ್ಲಿ ಎರಡು ಹುಳು ಸತ್ತು ಬಿದ್ದಿದ್ದವು. ಇನ್ನೊಂದು ಸೊಪ್ಪು ಬಿಟ್ಟು ಅಂಚಿಗೆ ಬಂದು ಕೂತಿತ್ತು. ನನ್ನ ತಟ್ಟೆಯಲ್ಲಿ ಸತ್ತದ್ದು ಆಗಲೇ ಒಂಬತ್ತು ಹತ್ತು, ಅದಕ್ಕೆ ನನ್ನ ಒದ್ದೆ ಸೊಪ್ಪು ಕಾರಣ ಎಂದು ಇಬ್ಬರಿಗೂ ಗೊತ್ತಿತ್ತು. ಅವಳದ್ದಕ್ಕೆ ಕಾರಣ ಏನು? ಅವಳು ಬರಲು ಇನ್ನೂ ಹೊತ್ತಿತ್ತು. ಆ ಮೂರನ್ನೂ ತಿಪ್ಪೆಗೆ ಎಸೆದು, ನನ್ನ ತಟ್ಟೆಯಿಂದ ಮೂರು ತಂದು ಹಾಕಿದರೆ ಲೆಕ್ಕ ಸರಿಯಾಗುತ್ತಿತ್ತು. ಕೈ ಚಾಚಿದೆ ಕೂಡ. ಆಮೇಲೆ ಬಿಟ್ಟೆ. ಯಾಕೆ ಬಿಟ್ಟೆ ಎಂದು ಈಗ ದೊಡ್ಡ ಮಾತು ಹೇಳಬಹುದು. ನಿಜ ಏನೆಂದರೆ ನನಗೂ ಗೊತ್ತಾಗಬೇಕಿತ್ತು. ಮಾತ್ರೆ ಹುಳುವನ್ನು ಕೊಲ್ಲುತ್ತದೋ ಇಲ್ಲವೋ, ಸುಳ್ಳು ಬೆರೆಸಿದರೆ ಯಾರಿಗೂ ಎಂದಿಗೂ ಗೊತ್ತಾಗುತ್ತಿರಲಿಲ್ಲ.

ಅವಳು ಬಂದಳು. ನೋಡಿದಳು. ಸತ್ತದ್ದನ್ನು ಎತ್ತಿಕೊಂಡು ಅಂಗಳದ ಬಿಸಿಲಿಗೆ ಹೋದಳು. ತಿರುಗಿಸಿ, ಮೂಸಿ, ಮತ್ತೆ ತಿರುಗಿಸಿದಳು. ಆಮೇಲೆ ನನ್ನನ್ನು ಕರೆದು ಹುಳುವಿನ ಪಕ್ಕೆಯಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಮಚ್ಚೆ ತೋರಿಸಿದಳು. ಉಗುರಿನಿಂದ ಒತ್ತಿದರೆ ಒಳಗಿಂದ ಬಿಳಿ ಹುಳ ಮಿಸುಕುತ್ತ ಬಂತು. ಹುಳುವಿನ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣದ ಮರಿ. ಕಿಟಕಿಯ ಬಲೆ ಹರಿದಿತ್ತು, ನಮ್ಮ ಮನೆಯದ್ದು.

"ನಿನ್ನ ಕಿಟಕಿ ಕಣಕ್ಕ, ನನ್ನ ಮಾತ್ರೆ ಅಲ್ಲ," ಎಂದಳು. ಅವಳು ನಕ್ಕಿದ್ದನ್ನು ಏಳೆಂಟು ತಿಂಗಳ ಮೇಲೆ ಕೇಳಿದೆ.

ಹುಳು ಹಣ್ಣಾಯಿತು. ಗೂಡು ಕಟ್ಟಲು ಬೇರೆ ಬೇರೆ ಚಂದ್ರಿಕೆಗೆ, ಬಿದಿರಿನ ತಡಿಕೆಗೆ, ಬಿಟ್ಟೆವು. ಗೂಡು ಬಿಡಿಸುವ ದಿನ ನಾವು ಆಸ್ಪತ್ರೆಗೆ ಹೋಗಬೇಕಾದ ಹಿಂದಿನ ದಿನವೇ ಬಂತು. ಸಾಯಂಕಾಲ ಅಂಗಳದಲ್ಲಿ ಚಾಪೆ ಹಾಸಿ ಎರಡು ಗುಡ್ಡೆ ಹಾಕಿದೆವು. ಅವಳು ಒಂದೊಂದು ಗೂಡನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳಿದಳು, ಒಳಗೆ ಜೀವ ಗಟ್ಟಿಯಿದೆಯೇ ಎಂದು. ತರಕಾರಿ ತಕ್ಕಡಿಯಲ್ಲಿ ತೂಗಿದೆವು. ಅವಳ ಪಾಲಿನ ಕಡೆ ತಕ್ಕಡಿ ಇಳಿಯಿತು, ನೋಡಿದರೆ ಕಾಣುವಷ್ಟು. ಮಾತ್ರೆ ನುಂಗಿದ ಕೈ ಕೆಡಿಸಿದ್ದಕ್ಕಿಂತ ನನ್ನ ಸೋಮಾರಿ ಕೈ ಹೆಚ್ಚು ಕೆಡಿಸಿತ್ತು. ಇದನ್ನು ಅವಳು ಬೀದಿಗೆಲ್ಲ ಕೇಳುವಂತೆ ಹೇಳಿದಳು.

ಒಂದು ತಟ್ಟೆಯಿಂದ ಏನು ತಿಳಿಯುತ್ತದೆ ಎಂದು ಓದಿದವರು ಕೇಳಬಹುದು. ನನ್ನ ಮೊಮ್ಮಗಳು ಈಗ ಕೇಳುತ್ತಾಳೆ. ಚಾಕಿ ಮನೆಯವಳಿಗೆ ಅಷ್ಟು ಸಾಕಾಯಿತು. ಆಮೇಲೆ ಹನ್ನೆರಡು ವರ್ಷ ಅದೇ ಮಾತ್ರೆ ನುಂಗಿದಳು, ಹುಳು ಇದ್ದಾಗಲೂ ಇಲ್ಲದಾಗಲೂ. ಹದಿನಾರು ಮನೆಯವರನ್ನೂ ಅಂಗಳದಲ್ಲಿ ನಿಲ್ಲಿಸಿ, ನನಗೆ ರಕ್ತದ ಕ್ಯಾನ್ಸರ್ ಇದೆ, ದಿನವೂ ಇಂಥ ಮಾತ್ರೆ ನುಂಗುತ್ತೇನೆ, ಹುಳು ಬೇಕಾದವರು ಒಯ್ಯಿರಿ ಎಂದು ಹೇಳಿದಳು. ಇಬ್ಬರು ಬಿಟ್ಟುಹೋದರು. ಎರಡು ಬೆಳೆ ನೋಡಿ ಅವರೂ ವಾಪಸು ಬಂದರು. ಬಾಗಿಲಲ್ಲಿ ಮೂಸುವುದನ್ನು ಕೊನೆಯವರೆಗೂ ಬಿಡಲಿಲ್ಲ. ನನ್ನ ಒಣಮೀನಿಗೂ ಕೊನೆಯವರೆಗೂ ಕ್ಷಮೆ ಸಿಗಲಿಲ್ಲ. ಹೋದ ಮಾಘದಲ್ಲಿ ಎದೆ ಹಿಡಿಯಿತು ಎಂದು ಮಲಗಿದವಳು ಏಳಲಿಲ್ಲ. ಅವಳನ್ನು ಒಯ್ದದ್ದು ರಕ್ತವಲ್ಲ, ಎದೆ. ಆ ವಾರ ರಕ್ತದ ಚೀಟಿಯಲ್ಲಿ ಎಲ್ಲ ಸರಿಯಿತ್ತು ಎಂದು ಅವಳ ಮಗಳು ಓದಿ ಹೇಳಿದಳು.

ಆದರೆ ಆ ಗೂಡು ತೂಗಿದ ಸಾಯಂಕಾಲದ ಮಾತು ಇನ್ನೂ ಒಂದಿದೆ. ಚಾಪೆ ಮಡಚುವಾಗ ಅವಳ ನಗು ನಿಂತಿತು. ನಾಳೆ ಡಾಕ್ಟರಮ್ಮನಿಗೆ ಏನು ಹೇಳುವುದು ಎಂದಳು. ಇದ್ದದ್ದು ಹೇಳುವುದು ಎಂದೆ. ಅವಳು ಬೇಡ ಎಂದಳು. ಆಯಮ್ಮ ತನಗೆ ರಕ್ತ ತೋರಿಸಿದವರು, ಬುದ್ಧಿವಂತರು ಎಂದವರು. ಸುಣ್ಣದ ಡಬ್ಬಿಯ ಹಿಂದೆ ಮಾತ್ರೆ ಬಚ್ಚಿಟ್ಟ ಹೆಂಗಸು ಎಂದು ಅವರ ಕಣ್ಣಿಗೆ ಬೀಳಲಾರೆ ಎಂದಳು. ನೀನೂ ಸುಳ್ಳು ಹೇಳಿದ್ದೀಯೆ, ನಿನ್ನ ಮಾನವೂ ಹೋಗುತ್ತದೆ ಎಂದು ನನ್ನನ್ನೂ ಸೇರಿಸಿಕೊಂಡಳು.

"ಹೇಳ್ಬ್ಯಾಡ ಕಣಕ್ಕ. ಇನ್ಮ್ಯಾಕೆ ನುಂಗ್ತೀನಲ್ಲ. ಬೇರೆ ಮಾತ್ರೆ ಕೊಟ್ರೆ ಅದ್ನೇ ನುಂಗ್ತೀನಿ."

ಸೋಲದ ಮಾತ್ರೆಯನ್ನು ಸೋತಿತು ಎಂದು ಬರೆಸಿಕೊಂಡು, ಎದೆಯಲ್ಲಿ ನೀರು ತುಂಬುವ ಮದ್ದು ನುಂಗಲು ತಯಾರಿದ್ದಳು, ಒಂದು ಮಾತು ಒಪ್ಪಿಕೊಳ್ಳುವ ಬದಲು. ನಾನು ಗೂಡಿನ ಚೀಲ ಎತ್ತಿಕೊಂಡು ಒಳಗೆ ಹೋದೆ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆವು. ನಮ್ಮ ಸರದಿ ಬಂದು ಒಳಗೆ ಕೂತೆವು. ಡಾಕ್ಟರಮ್ಮ ದೊಡ್ಡ ಪರೀಕ್ಷೆಯ ಕಾಗದ ನೋಡಿ ತಲೆ ಅಲ್ಲಾಡಿಸಿ, ಹೊಸ ಮದ್ದು ಬರೆಯಲು ಪೆನ್ನು ಎತ್ತಿಕೊಂಡರು. ಅವಳು ಸೆರಗಿನ ತುದಿ ಹಿಡಿದುಕೊಂಡು ನೆಲ ನೋಡುತ್ತಿದ್ದಳು. ನಾನು ಮುಂದೆ ಬಗ್ಗಿ ಆ ಚೀಟಿಯ ಮೇಲೆ ಅಂಗೈ ಇಟ್ಟೆ.

"ಬರೀಬ್ಯಾಡಿ ತಾಯಿ," ಎಂದೆ. "ಹೋದ ಸಲ ಇವಳು ನಿಮಗೆ ಸುಳ್ಳು ಹೇಳಿದ್ಲು. ನಾನೂ ಹೇಳ್ದೆ."